ಪ್ರಧಾನರ ಹೆಸರು ಹೇಳಲಾಗದ ನೀಲಮ್ಮ

"ನಮ್ಮ ಮಂಡಲ ಪಂಚಾಯ್ತಿ ಪ್ರಧಾನರ ಹೆಸರೇನು?"

ಮೈಕಿನಲ್ಲಿ ನಾನು ಹೀಗೆ ಕೇಳಿದ್ದೇ ತಡ, ನೀಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತುಬಿಟ್ಟಳು. ಪ್ರಧಾನರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು, ಕೊರಳಲ್ಲಿ ನಾವೇ ಹಾಕಿದ ಹಾರ!

ತೊಂಬತ್ತರ ಆಸುಪಾಸಿನ ಮಾತಿದು. ಆಗ ಪಂಚಾಯ್ತಿ ಅಧ್ಯಕ್ಷರನ್ನು ಪ್ರಧಾನರು ಅನ್ನುತ್ತಿದ್ದರು. ಆಳಂದದಿಂದ ಬಸ್ಸಿನಲ್ಲಿ ನರೋಣಾಕ್ಕೆ ಹೋಗಿ, ಮುಂದೆ ನಡೆದು, ಒಂದು ಹಳ್ಳಿಯಲ್ಲಿ ಸಾಕ್ಷರತಾ ಕ್ಲಾಸು ತೆಗೆದುಕೊಳ್ಳುತ್ತಿದ್ದೆ.

ಪಂಚಾಯ್ತಿ ಅಂದರೇನು, ಯಾರ ಕೆಲಸ ಏನು ಅಂತ ಪಾಠ ಮಾಡಿದರೆ ಹೆಂಗಸರು ಆಕಳಿಸುತ್ತಿದ್ದರು. ಅದಕ್ಕೇ ಒಂದು ಭಾನುವಾರ ಶಾಲೆಯ ಅಂಗಳದಲ್ಲಿ ಕ್ವಿಜ್ ಇಟ್ಟೆ. ಓಣಿಗೊಂದು ತಂಡ.

ಬಹುಮಾನ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ... ಗೆದ್ದ ತಂಡ ಪ್ರಧಾನರಿಗೆ ಎಲ್ಲರೆದುರು ಒಂದು ಪ್ರಶ್ನೆ ಕೇಳಬಹುದು, ಅವರು ಅಲ್ಲೇ ಉತ್ತರ ಕೊಡಬೇಕು ಅಂತ ಮಾಡಿದೆ. ಪಾಪ, ಅವರೂ ಒಪ್ಪಿದ್ದರು.

ನೀಲಮ್ಮನ ಓಣಿಯ ಬೋರಿಂಗ್, ಅಂದರೆ ಕೈಪಂಪು, ಕೆಟ್ಟು ಎರಡು ತಿಂಗಳಾಗಿತ್ತು. ಹಳ್ಳದಾಚೆಯ ಬಾವಿಯಿಂದ ನೀರು ಹೊತ್ತು ಸಾಕಾಗಿತ್ತು. ಗೆಲ್ಲಲೇಬೇಕು ಅಂತ ಆ ಹೆಂಗಸರು ರೊಟ್ಟಿ ಬಡಿಯುತ್ತಲೇ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು ಬಂದಿದ್ದರು.

ಕೊನೆಗೆ ಎರಡು ತಂಡ ಸಮಸಮ. ನೀಲಮ್ಮ ಎತ್ತಿದ ಕಡೆಯ ಚೀಟಿಯಲ್ಲಿ ಈ ಪ್ರಶ್ನೆ.

ಪ್ರಧಾನರ ಹೆಸರು ಶರಣಪ್ಪ. ನೀಲಮ್ಮನ ಗಂಡನ ಹೆಸರೂ ಶರಣಪ್ಪ! ಆ ಊರಿನಲ್ಲಿ ಯಾವ ಹೆಂಗಸೂ ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೀಟಿ ಬರೆಯುವಾಗ ನನಗೆ ಇದು ಹೊಳೆದೇ ಇರಲಿಲ್ಲ.

"ಗೊತ್ತದ್ರಿ ಅಕ್ಕೋರೆ, ಆದ್ರ ಹೆಂಗ ಹೇಳ್ಲಿ?" ಎನ್ನುತ್ತ ಪ್ರಧಾನರತ್ತ ಕೈ ತೋರಿಸಿದಳು.

ಎದುರು ತಂಡ ಬಿಡುತ್ತದೆಯೇ? "ಕೈ ತೋರ್ಸೋದು ನಡ್ಯಂಗಿಲ್ರಿ, ಹೆಸರ ಬೇಕು!"

ಪ್ರಧಾನರ ಮುಖ ಸಣ್ಣಗಾಯಿತು. "ನನ್ನ ಹೆಸರೇ ಗೊತ್ತಿಲ್ಲೇನ್ ಯವ್ವಾ?"

ಹಿಂದೆ ನಿಂತಿದ್ದ ಗಂಡ, "ಹೇಳಿಬಿಡ ಬೇ, ನಾ ಏನೂ ಅನ್ನಂಗಿಲ್ಲ" ಎಂದು ಕೂಗಿದ. ಅವಳು ಇನ್ನಷ್ಟು ನಾಚಿದಳು, ಜನ ಬಿದ್ದು ಬಿದ್ದು ನಕ್ಕರು. ಹೊತ್ತು ಮುಗಿಯುತ್ತ ಬಂತು. ಗಂಟೆ ಬಾರಿಸಬೇಕಾದವಳು ನಾನೇ.

ಅಷ್ಟರಲ್ಲಿ ನೀಲಮ್ಮ ಸರಸರ ಬರುತ್ತಾಳೆ. ಅಂಕ ಬರೆಯಲು ನಾನು ಹಿಡಿದಿದ್ದ ಚಾಕ್‌ಪೀಸು ಕಸಿದುಕೊಂಡು ಕರಿಹಲಗೆಯ ಮುಂದೆ ನಿಲ್ಲುತ್ತಾಳೆ.

ಶ... ರ... ಣ... ಪ್ಪ.

ನಾಲ್ಕು ತಿಂಗಳ ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅದು! ಎದುರು ತಂಡದವರೇ ಮೊದಲು ಚಪ್ಪಾಳೆ ಹೊಡೆದರು. ನಾನಂತೂ ಮೈಕ್ ಹಿಡಿದುಕೊಂಡೇ ಅತ್ತುಬಿಟ್ಟೆ.

ನೀಲಮ್ಮ ಅಳಲಿಲ್ಲ. ಪ್ರಧಾನರ ಕಡೆ ತಿರುಗಿದಳು.

"ನಮ್ಮ ಓಣಿ ಬೋರಿಂಗ್ ಯಾವತ್ತು ರಿಪೇರಿ ಮಾಡಸ್ತೀರಿ? ನೋಡ್ತೀನಿ ಅನಬ್ಯಾಡ್ರಿ, ವಾರ ಹೇಳ್ರಿ."

ಪ್ರಧಾನರು ಹಾರ ಸರಿಮಾಡಿಕೊಂಡರು, ನಕ್ಕರು. "ಗುರುವಾರ."

ಅವಳು ಅವರ ಹೆಸರಿನ ಕೆಳಗೆ 'ಗುರುವಾರ' ಅಂತಲೂ ಬರೆದಳು! ಆ ಹಲಗೆ ಒರೆಸಲು ಯಾರನ್ನೂ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಬೋರಿಂಗಿನಲ್ಲಿ ನೀರು ಬಂತು.

ಈಗ ನಾನೂ ಮೊಬೈಲಿನಲ್ಲಿ ಸರ್ಕಾರದ ಬಗ್ಗೆ ಕ್ವಿಜ್ ಆಡುತ್ತೇನೆ. ಗೆದ್ದರೆ ಸರ್ಟಿಫಿಕೇಟ್ ಬರುತ್ತದೆ, ಖುಷಿಯೇ.

ಆದರೆ ಗೆದ್ದವರು ತಿರುಗಿ ಒಂದು ಪ್ರಶ್ನೆ ಕೇಳುವಂತಿದ್ದರೆ... ನೀವು ಏನು ಕೇಳುತ್ತೀರಿ?