ಬಸುರಿ ಕೇಳಿದ ನಾಚೋಸ್

ಬೆಳಿಗ್ಗೆ ಹೊಸಪೇಟೆಯ ಗಿರಣಿಯಿಂದ ಮೆಕ್ಕೆಜೋಳದ ಹಿಟ್ಟು ಬೀಸಿಸಿಕೊಂಡು ಬಂದೆ. ಡಬ್ಬಿ ಇನ್ನೂ ಬೆಚ್ಚಗಿತ್ತು. ಆ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಗು ಬಂತು. ಯಾಕೆಂದು ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾದಿನಿ ಗಿರಿಜಾ ಮೂರು ತಿಂಗಳ ಬಸುರಿ, ಸಂಡೂರಿನಿಂದ ತವರಿಗೆ ಬಂದಿದ್ದಳು. ನೀರು ಕುಡಿದರೂ ವಾಂತಿ. ಅತ್ತೆ ಏನು ಮಾಡಿಕೊಟ್ಟರೂ ತಟ್ಟೆ ಸರಿಸುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ನಮಗೆಲ್ಲ ಹೆದರಿಕೆ. ಒಂದು ದಿನ ತಾನಾಗಿಯೇ ಬಾಯಿಬಿಟ್ಟಳು: "ಅತ್ತಿಗಿ, ಹಂಪಿ ಹೋಟೆಲ್‌ನಾಗ ತಿಂದಿದ್ನಲ್ಲ, ನಾಚೋಸ್, ಚೀಸ್ ಹಾಕಿದ ಮೆಕ್ಕೆಜೋಳದ ಗರಿಗರಿ ಚೂರು... ಅದು ಬೇಕನ್ನಿಸ್ತದ."

"ಅದ್ಯಾವ ದೊಡ್ಡ ಮಾತು, ನಾ ಮಾಡ್ತೀನಿ" ಎಂದುಬಿಟ್ಟೆ. ಜೋಳದ ರೊಟ್ಟಿಯನ್ನೇ ನೆಟ್ಟಗೆ ಬಡಿಯಲು ಬಾರದವಳ ಬಾಯಿ ನೋಡಿ! ನನ್ನ ರೊಟ್ಟಿಯ ಅಂಚು ಸೀಳುತ್ತಿತ್ತು, ಮಗುಚುವಾಗ ಮುರಿಯುತ್ತಿತ್ತು. ಮುರಿದದ್ದನ್ನು ಯಾರ ಕಣ್ಣಿಗೂ ಬೀಳದಂತೆ ನಾನೇ ತಿಂದು ಮುಗಿಸುತ್ತಿದ್ದೆ.

ಫೋನಿನಲ್ಲಿ ನೋಡಿಕೊಂಡು, ಮೆಕ್ಕೆಜೋಳದ ಹಿಟ್ಟು ಲಟ್ಟಿಸಿ, ತ್ರಿಕೋನ ಕತ್ತರಿಸಿ, ಹಸಿಹಸಿಯಾಗಿಯೇ ಎಣ್ಣೆಗೆ ಬಿಟ್ಟೆ. ಆರಿದ ಮೇಲೆ ಹಲ್ಲಿಗೇ ಬಗ್ಗಲಿಲ್ಲ. ಗಿರಿಜಾ ಒಂದು ಚೂರು ಕಚ್ಚಿ ತಟ್ಟೆ ಸರಿಸಿದಾಗ ನನಗೆ ಅಳುವೇ ಬಂತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹಸೀದು ಕರೀತಾರೇನವಾ? ಖಡಕ್ ರೊಟ್ಟಿ ಹಂಗ ಒಣಗಬೇಕು. ಸರಿ ಅತ್ಲಾಗ."

ಕುದಿನೀರು ಹಾಕಿ ನಾದಿ, ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬಿಸಿಗೆ ಒರಗಿಸಿ ಗರಿಗರಿ ಮಾಡಿದರು. ಒಂದು ಬಿರುಕಿಲ್ಲ! ಮುಂದೆ ಆದದ್ದನ್ನು ನೀವು ನಂಬಲಿಕ್ಕಿಲ್ಲ. ಮುರಿದ ರೊಟ್ಟಿ ಕಂಡರೆ ಮುಖ ಸಿಂಡರಿಸುವ ಅತ್ತೆ, ಅಷ್ಟು ಚೆಂದದ ರೊಟ್ಟಿಯನ್ನು ಎರಡೂ ಕೈಯಿಂದ ಪಟಪಟನೆ ಮುರಿದು ಹಾಕಿದರು. ನಾನು ಕುಣಿಯುವುದೊಂದು ಬಾಕಿ.

ಚೂರುಗಳ ಮೇಲೆ ಚೀಸ್ ತುರಿದು, ಮುಚ್ಚಿ ಕರಗಿಸಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಹರಡಿ ನಿಂಬೆ ಹಿಂಡಿದೆ. ಅತ್ತೆ ಮೇಲೊಂದಿಷ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಪುಡಿ ಉದುರಿಸಿಯೇಬಿಟ್ಟರು.

"ಯವ್ವಾ, ಅದಕ್ಕ ಅದನ್ನ ಹಾಕಲ್ಲ!" ಎಂದು ಗಿರಿಜಾ ಚೀರಿದಳು.

"ತಿನ್ನು, ಆಮ್ಯಾಲ ಹೇಳು."

ಕರುಮ್ ಎಂದಿತು. ಒಂದು ಚೂರು, ಇನ್ನೊಂದು, ಮತ್ತೊಂದು. ಚೀಸಿನ ಎಳೆ ಗಲ್ಲಕ್ಕೆ ಅಂಟಿದ್ದೂ ಅವಳಿಗೆ ಗೊತ್ತಿಲ್ಲ. ಈಗ ವಾಂತಿಯಾಗುತ್ತದೆ, ಇನ್ನೇನು ಆಗುತ್ತದೆ ಎಂದು ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಆಗಲಿಲ್ಲ. ಖಾಲಿ ತಟ್ಟೆ ಚಾಚಿ, "ಇನ್ನಷ್ಟು ಅದಾವೇನ್?" ಎಂದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಅದಾವಂತ ಹೇಳವಾ. ನೀ ಬಡಿ, ನಾ ಬೇಯಿಸ್ತೀನಿ. ಮುರುದ್ರ ಮುರೀಲಿ."

ಆವತ್ತಿನಿಂದ ಈ ಅಡುಗೆಮನೆ ನನ್ನದೂ ಹೌದು ಅನ್ನಿಸಿದೆ. ಈಗ ನೀರು ಕುದಿಯಲಿಟ್ಟು ಕೂತಿದ್ದೇನೆ, ಕೈಗೆ ಅಂಜಿಕೆಯಿಲ್ಲ. ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ: "ಗಿರಿಜಾ ಮಗಳನ್ನ ಕರ್ಕೊಂಡು ಬಸ್ ಹತ್ಯಾಳಂತ, ಜಲ್ದಿ ಬಡಿಯವಾ!"