ಪೂರ್ವಕ್ಕೆ ಹಾಕಿದ ಟೈಲು

"ಲೋ, ಗೋಡೆ ಪಕ್ಕ ಪೂರ್ತಿ ಸಮೋಸ ಮಾಡಿ ಇಟ್ಟಿದೀಯಲ್ಲೋ!" ಎಂದು ಸೋದರಮಾವ ಕಿರುಚಿದರು.

ಪರದೇಶದ ಊರು ಸ್ಯಾನ್ ರಮೋನ್‌ನಲ್ಲಿ ಕನ್ನಡದವರ ಒಂದು ಮನೆಯ ದೇವರಕೋಣೆ. ನೆಲಕ್ಕೆ ಟೈಲು ಹಾಕುವುದು ಮಾವನ ಕೆಲಸ, ಎರಡು ವರ್ಷದಿಂದ ಗಾರೆ ಕಲಸುವುದು ನನ್ನದು. ನನ್ನ ಕೈಗೆ ಬಿಟ್ಟ ಮೊದಲ ಕೋಣೆ ಇದು. ಕೆಟ್ಟರೆ ಮತ್ತೆ ಗಾರೆಯೇ ಗತಿ.

ಕೆಡಿಸಿದ್ದು ಹಿಂದಿನ ದಿನ. ಆ ಮನೆಯ ಅಜ್ಜಿ ಮೈಸೂರಿನಲ್ಲಿ ಗಣಿತದ ಟೀಚರಾಗಿದ್ದವರು. ನಾನು ಗಣಿತದ ಭಯಕ್ಕೇ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿ, ಓರೆಗೆ ಐದಡಿ ಬರುತ್ತದಾ ಎಂದು ಅಳೆಯುತ್ತಿದ್ದೆ. ಬಂದರೆ ಮೂಲೆ ಸರಿ ಎಂದರ್ಥ. ಅಜ್ಜಿ ಕುರ್ಚಿ ಹಾಕಿಕೊಂಡು ಕೂತರು.

"ಇದು ಯಾರ ಲೆಕ್ಕ ಗೊತ್ತೇನಪ್ಪ?"

"ನಮ್ ಮಾವಂದು."

ಅಜ್ಜಿ ಬಿದ್ದುಬಿದ್ದು ನಕ್ಕರು. ಎರಡೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಗ್ರೀಕ್ ಗುರುವಿನ ಹೆಸರಲ್ಲಿ ಓಡುವ ಲೆಕ್ಕವಂತೆ. ತಂತಿಯ ನಾದವೂ ಸಂಖ್ಯೆ, ಆಕಾಶವೂ ಸಂಖ್ಯೆ ಅಂದವನಂತೆ. ಅವನ ಶಿಷ್ಯರು ಕಾಳು ತಿನ್ನುವಂತಿರಲಿಲ್ಲ, ಹೊಸಬರು ಐದು ವರ್ಷ ಮಾತಾಡುವಂತಿರಲಿಲ್ಲ.

"ಅವರೆಕಾಳು ಬೇಡ ಅಂದಿದ್ರೆ ನಾನು ಅವತ್ತೇ ಓಡಿಹೋಗ್ತಿದ್ದೆ ಅಜ್ಜಿ."

"ನೀನು, ಮಾತಾಡ್ಬೇಡ ಅಂದಾಗ್ಲೇ ಓಡಿರ್ತಿದ್ದೆ ಬಿಡು."

ಎಲ್ಲವೂ ಸಂಖ್ಯೆ ಎಂಬುದು ನನ್ನ ತಲೆಗೇರಿತು. ದೇವರು ಪೂರ್ವಕ್ಕೇ ಮುಖ ಮಾಡಿರಬೇಕೆಂದು ಮನೆಯವರು ಹೇಳಿದ್ದರು. ನಾನು ಗೋಡೆ ಬಿಟ್ಟು ಫೋನಿನಲ್ಲಿ ದಿಕ್ಕು ನೋಡಿ, ನೇರ ಪೂರ್ವಕ್ಕೆ ದಾರ ಎಳೆದು, ಆ ದಾರಕ್ಕೆ ಮೂರು, ನಾಲ್ಕು, ಐದು ಅಳೆದೆ. ಪಕ್ಕಾ ಬಂತು. ಮನೆ ಕಟ್ಟಿದವನು ಮಾತ್ರ ರಸ್ತೆ ನೋಡಿ ಕಟ್ಟಿದ್ದ, ಪೂರ್ವ ನೋಡಿ ಅಲ್ಲ. ಟೈಲುಗಳೆಲ್ಲ ಗೋಡೆಗೆ ಸೊಟ್ಟಗೆ ಕೂತವು. ಅಂಚಿಗೆ ತ್ರಿಕೋನದ ಚೂರು ಕತ್ತರಿಸಿ ತುಂಬಿದೆ. ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಚೆನ್ನಾಗಿದೆ ಅಂದುಕೊಂಡು ಫೋಟೋ ಬೇರೆ ತೆಗೆದೆ.

"ಐದಡಿ ಕರೆಕ್ಟಾಗಿ ಬಂತು ಮಾವ," ಅಂದೆ, ಮಾರನೇ ದಿನ ಅವರು ಕಿರುಚಿದಾಗ.

"ಐದಡಿ ಬಂತು, ಬುದ್ಧಿ ಎಲ್ಲೋ ಬಂತು? ಪೂರ್ವಕ್ಕೆ ತಿರುಗ್ಬೇಕಾಗಿದ್ದು ದೇವ್ರು ಕಣೋ, ಫ್ಲೋರಲ್ಲ!"

"ಲೆಕ್ಕ ತಪ್ಪಿಲ್ಲ ಇವ್ರೇ," ಎಂದು ಅಜ್ಜಿ ನನ್ನ ಪರ ಬಂದರು.

"ಹಾಗಾದ್ರೆ ಈ ಓರೆ ನೆಲದ ಮೇಲೇ ಕೂತು ಪೂಜೆ ಮಾಡ್ತೀರಾಮ್ಮ?"

ಅಜ್ಜಿ ನೆಲ ನೋಡಿದರು, ನನ್ನನ್ನೂ ನೋಡಿದರು. "ಕೀಳಪ್ಪ," ಅಂದರು.

ಇಡೀ ದಿನ ಉಳಿ ಹಿಡಿದು ಕಿತ್ತೆ. ಮಾವ ಗೋಡೆಗೆ ನೇರವಾಗಿ ಹೊಸ ಟೈಲು ಹಾಕಿದರು. ಈಗ ಹತ್ತಿರದ ಊರು ಪ್ಲೆಸೆಂಟನ್‌ನಲ್ಲಿ ಕೆಲಸ, ನಾನು ಮತ್ತೆ ಗಾರೆ ಕಲಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವುದು ನನ್ನ ಹತ್ತಿರ ಏನೂ ಇಲ್ಲ.