ಅಣ್ಣಿಗೇರಿಯ ಚಿತ್ರೋತ್ಸವದಲ್ಲಿ ಅವ್ವನ ಎರಡು ಮಾತು

ಚಿತ್ರೋತ್ಸವಕ್ಕೆ ಬನ್ನಿ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, ಭಾಷಣ ಎಷ್ಟು ಜನರದು ಎಂದು. ಕರೆದವರು ತಮಾಷೆ ಎಂದುಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಎಂಬತ್ತರ ದಶಕದ ನಡುವೆ ಒಮ್ಮೆ ಅಣ್ಣಿಗೇರಿಯಲ್ಲಿ ನಡೆದ ಚಿತ್ರೋತ್ಸವಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಆ ದಿನದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಮ್ಮದು ಶಲವಡಿ. ಅವ್ವನ ದನಿ ಊರಿಗೆಲ್ಲ ಗೊತ್ತಿದ್ದದ್ದು. ಹೊಲದ ಈ ಬದುವಿನಲ್ಲಿ ನಿಂತು ಆ ತುದಿಯ ಆಳುಗಳನ್ನು ಊಟಕ್ಕೆ ಕರೆದರೆ ಬಾಜೂ ಹೊಲದವರೂ ಬುತ್ತಿ ಬಿಚ್ಚುತ್ತಿದ್ದರು. ನಮ್ಮದು ಎರೆಭೂಮಿ, ಅಡ್ಡ ಬರಲು ಗಿಡವಿಲ್ಲ, ಗುಡ್ಡವಿಲ್ಲ. ಮನೆಯೊಳಗೆ ಮಾತ್ರ ಆ ದನಿಗೆ ಜಾಗವಿರಲಿಲ್ಲ. ಅಜ್ಜಿ ಇರುವ ತನಕ ಅಜ್ಜಿ, ಆಮೇಲೆ ಅಪ್ಪ, "ಸಣ್ಣ ದನೀಲೆ ಮಾತಾಡು, ಓಣಿಗೆಲ್ಲ ಕೇಳಬೇಕೇನು?" ಎಂದು ಗದರುತ್ತಿದ್ದರು. ಅಪ್ಪ ಕೆಟ್ಟವನಲ್ಲ. ಮಂದಿ ಏನೆಂದಾರು ಎಂಬ ಹೆದರಿಕೆ ಅವನಿಗೆ ಹುಟ್ಟಿನಿಂದ ಬಂದದ್ದು.

ಚಿತ್ರೋತ್ಸವಕ್ಕೂ ಎರಡು ವರ್ಷ ಮೊದಲು ಬೆಂಗಳೂರಿನವರು ನಮ್ಮ ಊರ ಕೆರೆಯ ಮೇಲೆ ಸಿನಿಮಾ ತೆಗೆಯಲು ಬಂದರು. ಹಾಡು, ಹೊಡೆದಾಟ ಇರುವ ಸಿನಿಮಾ ಅಲ್ಲ. ಊರ ದೊಡ್ಡವನೊಬ್ಬ ಒಬ್ಬ ಹೆಣ್ಣುಮಗಳಿಗೆ ಕೆರೆಯ ನೀರು ಬಂದ್ ಮಾಡುವ ಕಥೆ. ನಮ್ಮ ಕಡೆ ಬಾವಿ ತೋಡಿದರೆ ಸವಳು ನೀರು, ಕುಡಿಯಲಿಕ್ಕೆ ಕೆರೆಯೊಂದೇ ಗತಿ. ಸಿನಿಮಾದವರಲ್ಲೊಬ್ಬ ಅಂಥ ಕೆರೆಯ ಮೆಟ್ಟಿಲ ಮೇಲೆ ಕುಳಿತು ಆರಾಮವಾಗಿ ಕಾಲು ತೊಳೆದುಕೊಳ್ಳುತ್ತಿದ್ದ. ಎದುರು ದಂಡೆಯಲ್ಲಿ ಕೊಡ ಹೊತ್ತು ನಿಂತಿದ್ದ ಅವ್ವ ಅಲ್ಲಿಂದಲೇ ಅವನ ಜನ್ಮ ಜಾಲಾಡಿದಳು. ಅವನು ಚಪ್ಪಲಿ ಬಿಟ್ಟು ಓಡಿದ. ನಿರ್ದೇಶಕರು ಮಾತ್ರ ಎದ್ದು ನಿಂತು, "ಈ ದನಿ ಬೇಕು ನನಗೆ" ಎಂದರಂತೆ.

ಅವರು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಅಪ್ಪನನ್ನು ಒಪ್ಪಿಸಿದರು. "ಎರಡ ಮಾತು ಅಷ್ಟ ಅಲ್ರಿ?" ಎಂದು ಅಪ್ಪ ಮೂರು ಸಲ ಕೇಳಿದ. ಕೆರೆಯಲ್ಲಿ ಕಥೆಯ ಹೆಣ್ಣುಮಗಳ ಕೊಡ ಕಸಿಯುವ ಆಳಿಗೆ ದಂಡೆಯಿಂದ ಗದರುವ ಮುದುಕಿಯ ಪಾತ್ರ. ಬರೆದುಕೊಂಡು ಬಂದ ಮಾತು ಅವ್ವನ ಬಾಯಿಗೆ ಹೊಂದಲಿಲ್ಲ. "ನಿಮ್ಮ ಮಾತಲ್ಲೇ ಹೇಳಿಬಿಡಿ" ಎಂದರು ನಿರ್ದೇಶಕರು. ಅವ್ವ ಹೇಳಿದಳು: "ಏ ತಮ್ಮಾ, ಕೆರಿ ನಿಮ್ಮಪ್ಪಂದಲ್ಲ, ನಮ್ಮಪ್ಪಂದೂ ಅಲ್ಲ. ಕೊಡ ಬಿಡು, ನೀರ ತುಂಬಲಿ ಆಕಿ." ಉದ್ದ ಕೋಲಿಗೆ ಮೈಕು ಕಟ್ಟಿ ಅವಳ ತಲೆಯ ಮೇಲೆ ಹಿಡಿದಿದ್ದರು. ಧ್ವನಿ ಹಿಡಿಯುವವನು ಕಿವಿಯ ಯಂತ್ರ ತೆಗೆದು ಕಿವಿ ಉಜ್ಜಿಕೊಂಡು ನಕ್ಕ. ಆ ನಗುವನ್ನು ಅವ್ವ ಎಷ್ಟೋ ಸಲ ನನಗೆ ಮಾಡಿ ತೋರಿಸಿದ್ದಾಳೆ.

ಆಮೇಲೆ ಸಿನಿಮಾದ ಸುದ್ದಿಯೇ ಇಲ್ಲ. ಟೆಂಟಿಗೆ ಬರಲಿಲ್ಲ, ಹುಬ್ಬಳ್ಳಿಯ ಟಾಕೀಸಿಗೂ ಬರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಊರಿಗೆ ಹೋದಾಗಲೆಲ್ಲ ಅವ್ವ, "ಬಂತೇನ ಅದು?" ಎಂದು ಕೇಳುವಳು. ಬೇಸತ್ತು ಒಮ್ಮೆ, "ನಿನ್ನ ಮಾರಿ ಪರದೆ ಮ್ಯಾಲೆ ನೋಡೂ ಹುಚ್ಚು ಎಷ್ಟ ಬೇ ನಿನಗ?" ಎಂದೆ.

"ಮಾರಿ ಕನ್ನಡ್ಯಾಗ ದಿನಾ ನೋಡತೇನಿ," ಎಂದಳು. "ದನಿ ಹೆಂಗ ಐತಿ ನನಗ ಗೊತ್ತಿಲ್ಲ. ಲಗ್ನ ಆಗಿ ಬಂದಾಗಿಂದ ಎಲ್ಲಾರೂ ಅದನ್ನ ಬೈತಾರ. ಹೆಂಗರ ಐತಿ ಒಮ್ಮೆ ಕೇಳಬೇಕು."

ಊರಲ್ಲಿ ಟೇಪ್ ರೆಕಾರ್ಡರ್ ಒಂದು ಇತ್ತು. ಅದು ಭಜನಾ ಮೇಳದ್ದು. ಅದರೊಳಗೆ ಗಂಡಸರ ದನಿ ಮಾತ್ರ ಹೋಗುತ್ತಿತ್ತು.

ಹೀಗಿರುವಾಗ ಅಣ್ಣಿಗೇರಿಯ ಚಿತ್ರ ಸಂಘದ ಕರಪತ್ರ ನಮ್ಮ ಕಾಲೇಜಿಗೆ ಬಂತು. ಒಂದು ಭಾನುವಾರ, ಹೈಸ್ಕೂಲಿನ ಸಭಾಂಗಣ, ಹೊಸ ಬಗೆಯ ಚಿತ್ರಗಳು, ನಿರ್ದೇಶಕರೊಂದಿಗೆ ಸಂವಾದ. ಮೊದಲ ಚಿತ್ರ ನಮ್ಮ ಕೆರೆಯದೇ. ನಾನು ಶನಿವಾರವೇ ಊರಿಗೆ ಓಡಿದೆ. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. ಅಪ್ಪ, "ನಾ ಬಜಾರದ ಕೆಲಸಕ್ಕ ಬರಾಕತ್ತೇನಿ, ನಿಮ್ಮ ಸಿನಿಮಾಕ್ಕಲ್ಲ" ಎಂದು ಹೇಳಿ, ಇಸ್ತ್ರಿ ಮಾಡಿದ ಧೋತರ ಉಟ್ಟುಕೊಂಡು ಎಲ್ಲರಿಗಿಂತ ಮೊದಲು ಬಸ್ಸಿನ ಹಾದಿಗೆ ಬಂದು ನಿಂತ.

ಹತ್ತು ಗಂಟೆಗೆ ಚಿತ್ರ ಎಂದು ಅಚ್ಚು ಹಾಕಿಸಿದ್ದರು. ಹತ್ತಕ್ಕೆ ಕಿಟಕಿಗಳಿಗೆ ಗೋಣಿಚೀಲ ಬಡಿಯುತ್ತಿದ್ದರು, ಒಳಗೆ ಕತ್ತಲಾಗಲಿ ಎಂದು. ಗೋಣಿಚೀಲಕ್ಕೆ ಅಣ್ಣಿಗೇರಿಯಲ್ಲಿ ಬರವಿಲ್ಲ. ಗಾಳಿಗೆ ಬರ ಬಂತು. ಹನ್ನೊಂದಕ್ಕೆ ಉದ್ಘಾಟಕರು ಬರಲಿಲ್ಲ. ಹನ್ನೊಂದೂವರೆಗೆ ಬಂದರು, ಆದರೆ ಅಧ್ಯಕ್ಷರು ಬರಲಿಲ್ಲ. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಆರುತ್ತದೆ ಎಂದು ಇದ್ದ ಎರಡು ಫ್ಯಾನನ್ನೂ ನಿಲ್ಲಿಸಿದರು. ದೀಪ ಹತ್ತಿತು. ಫ್ಯಾನು ಮತ್ತೆ ಹಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಹಾರ. ಹಾರ ಹಾಕುವವರಿಗೂ ಹಾರ. "ನಾನು ಹೆಚ್ಚು ಮಾತಾಡುವುದಿಲ್ಲ" ಎಂದು ಎದ್ದವರೊಬ್ಬರು ಅದನ್ನೇ ನಡುನಡುವೆ ಹೇಳುತ್ತ ನಮ್ಮ ಪ್ರಾಣ ತಿಂದರು. ಒಳ್ಳೆಯ ಸಿನಿಮಾ ಜನರ ಬದುಕನ್ನು ತೋರಿಸಬೇಕು ಎಂದು ಎಲ್ಲರೂ ಹೇಳಿದರು. ತೋರಿಸಲಿಕ್ಕೆ ತಂದ ಸಿನಿಮಾ ಮೂಲೆಯಲ್ಲಿ ಡಬ್ಬಿಯೊಳಗೆ ಕುಳಿತಿತ್ತು. ನಾನು ಕೈಕೈ ಹಿಸುಕಿಕೊಳ್ಳುತ್ತಿದ್ದೆ. ಅವ್ವ ಮಾತ್ರ ಎಲ್ಲ ಭಾಷಣವನ್ನೂ ಮಿಸುಕಾಡದೆ ಕೇಳಿದಳು.

ಸಂಘದ ಕಾರ್ಯದರ್ಶಿ ಆ ಊರಿನ ಕಾಲೇಜಿನ ಅಧ್ಯಾಪಕರು. ಭಾಷಣ ಮುಗಿಯುವ ಹೊತ್ತಿಗೆ ಅವರು ಮೈಕಿಗೆ ಬಂದು, ನಿರ್ದೇಶಕರು ಊಟಕ್ಕೆ ಹೋಗಬೇಕಾದ್ದರಿಂದ ಅವರ ಚಿತ್ರ ಮಧ್ಯಾಹ್ನ, ಈಗ ಒಂದು ಪರದೇಶದ ಚಿತ್ರ ಎಂದರು. ಅದರಲ್ಲಿ ಒಬ್ಬ ಮುದುಕ ಬಾಗಿಲು ರಿಪೇರಿ ಮಾಡುತ್ತಾನೆ. ಮಾಡುತ್ತಲೇ ಇರುತ್ತಾನೆ. ಅಪ್ಪ, "ನಮ್ಮ ಬಡಿಗ್ಯಾ ಇಷ್ಟೊತ್ತಿಗೆ ಚೌಕಟ್ಟ ಕುಂದರಿಸಿ ಹೋಗ್ತಿದ್ದ" ಎಂದು ಗೊಣಗಿ, ಮಿರ್ಚಿ ಭಜಿ ತಿನ್ನಲು ಹೊರಗೆ ಎದ್ದು ಹೋದ. ಅವ್ವ ಏಳಲಿಲ್ಲ. ನಾವು ಊಟಕ್ಕೆ ಹೋದಾಗ ತನ್ನ ಚಿತ್ರ ಬಂದುಬಿಟ್ಟರೆ ಎಂಬ ಹೆದರಿಕೆ. ತಂದ ಬುತ್ತಿ ಗಂಟು ಕಟ್ಟಿದಂತೆಯೇ ತೊಡೆಯ ಮೇಲಿತ್ತು.

ನಾನು ಕಾರ್ಯದರ್ಶಿಗಳ ಹತ್ತಿರ ಹೋಗಿ, "ನಮ್ಮವ್ವ ಆ ಚಿತ್ರದಾಗ ಪಾತ್ರ ಮಾಡ್ಯಾರ್ರಿ, ಇಲ್ಲೇ ಕುಂತಾರ" ಎಂದೆ. "ಹೌದಾ? ಭಾಳ ಸಂತೋಷ ಆತ್ರಿ," ಎಂದವರು ನನ್ನ ತಲೆಯ ಮೇಲಿಂದ ಯಾರನ್ನೋ ನೋಡಿ ಕೈ ಮುಗಿಯುತ್ತ ಹೊರಟೇಹೋದರು.

ಮೂರರ ಮೇಲೆ ಕೆರೆಯ ಚಿತ್ರ ಶುರುವಾಯಿತು. ನಮ್ಮ ಊರೇ ಹೌದು. ನಮ್ಮ ಅಗಸಿ ಬಾಗಿಲು, ನಮ್ಮ ಕೆರೆಯ ಮೆಟ್ಟಿಲು. ಅಪ್ಪ ಒಳಗೆ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಆಳು ಬಂದು ಕೊಡಕ್ಕೆ ಕೈ ಹಾಕಿದ. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು, ಬಳೆ ಒತ್ತುವಷ್ಟು. ಪರದೆಯ ಮೇಲೆ ದಂಡೆಯಲ್ಲಿ ಅವ್ವ ನಿಂತಿದ್ದಾಳೆ. ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು.

"ಯಾರಯ್ಯಾ ನೀನು? ಕೆರೆ ಏನು ನಿಮ್ಮಪ್ಪನ ಆಸ್ತಿನಾ? ಅವಳು ನೀರು ತಗೊಂಡು ಹೋಗ್ಲಿ ಬಿಡು."

ಸಣ್ಣ, ನಯವಾದ ದನಿ. ಯಾರೋ ಬೆಂಗಳೂರಿನ ಹೆಣ್ಣುಮಗಳದು. ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳುವ ಹಾಗಿತ್ತು. ಅವ್ವನ ತುಟಿ ಇನ್ನೂ ಆಡುತ್ತಿರುವಾಗಲೇ ಮಾತು ಮುಗಿದುಹೋಗಿತ್ತು. ಚಿತ್ರ ಮುಂದಕ್ಕೆ ಹೋಯಿತು. ನಾನು ತಿರುಗಿ ನೋಡಿದೆ. ಅವ್ವ ಕತ್ತು ಮುಂದೆ ಚಾಚಿ ಇನ್ನೂ ಕಾಯುತ್ತಿದ್ದಳು, ಅದು ಮತ್ತೆ ಬರುತ್ತದೆ ಎನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ನನ್ನ ಕೈ ಬಿಟ್ಟಳು.

ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಸಂವಾದ. ಮುಂದಿನ ಸಾಲಿನವರೊಬ್ಬರು ಎದ್ದು, ಕೆರೆ ಇಲ್ಲಿ ಯಾವುದರ ಸಂಕೇತ ಎಂದು ಕೇಳಿದರು. ನಿರ್ದೇಶಕರು ಕಣ್ಣು ಮುಚ್ಚಿ ದೀರ್ಘವಾಗಿ ಉತ್ತರಿಸಿದರು. ಆ ಕೆರೆಯ ನೀರು ಕುಡಿದು ಬೆಳೆದ ನನಗೆ ಒಂದಕ್ಷರ ತಿಳಿಯಲಿಲ್ಲ. ಅವ್ವ ಕೈ ಎತ್ತಿದಳು. ಮೈಕು ಇನ್ನೊಬ್ಬ ಗಂಡಸಿನ ಕೈಗೆ ಹೋಯಿತು. ನಾನೂ ಕೈ ಎತ್ತಿದೆ. "ಹೆಣ್ಣಮಕ್ಕಳಿಗೆ ಆಮ್ಯಾಲೆ ಅವಕಾಶ ಕೊಡತೇವ್ರಿ" ಎಂದರು ಕಾರ್ಯದರ್ಶಿ. ಆಮೇಲೆ ವೇಳೆ ಸಾಲದು ಎಂದು ಸೀದಾ ವಂದನಾರ್ಪಣೆಗೆ ನಿಂತರು. ಬೆಳಿಗ್ಗೆಯಿಂದ ವೇಳೆ ತಿಂದವರೇ ಹೀಗೆ ಹೇಳಿದಾಗ ನನ್ನ ಮೈ ಉರಿದುಹೋಯಿತು.

ಅವ್ವ ಎದ್ದು ನಿಂತಳು. "ಸರ್ರಾ, ಒಂದ ಮಾತು." ಮೈಕು ಬೇಕಾಗಲಿಲ್ಲ. ಇಡೀ ಸಭಾಂಗಣ ಹಿಂದೆ ತಿರುಗಿತು. ಅಪ್ಪ ನೆಲ ನೋಡತೊಡಗಿದ.

"ಕೆರಿ ದಂಡಿ ಮ್ಯಾಲೆ ನಿಂತಾಕಿ ನಾನರಿ. ಬಾಯಿ ನಂದು. ದನಿ ಯಾರದ್ರಿ ಅದು? ನಂದು ಎಲ್ಲಿ ಇಟ್ಟೀರಿ?"

ಜನ ನಕ್ಕರು. ನಿರ್ದೇಶಕರು ಗುರುತು ಹಿಡಿದು ಕೈ ಮುಗಿದರು. ಸುಳ್ಳು ಹೇಳಬಾರದು, ಸಜ್ಜನ ಮನುಷ್ಯ. "ಅಮ್ಮಾ, ನಿಮ್ಮ ದನಿ ಅದ್ಭುತವಾಗಿತ್ತು. ಆದ್ರೆ ಅಲ್ಲಿ ಹಿಡ್ಕೊಂಡಿದ್ದು ತುಟಿ ಹೊಂದಿಸೋಕೆ ಮಾತ್ರ. ಆಮೇಲೆ ಸ್ಟುಡಿಯೋದಲ್ಲಿ ಎಲ್ಲರ ಮಾತನ್ನೂ ಹೊಸದಾಗಿ ಹಾಕ್ತೀವಿ. ನಿಮ್ಮ ಕಡೆ ಮಾತು ಎಲ್ಲರಿಗೂ ಅರ್ಥ ಆಗಲ್ಲ ನೋಡಿ. ಜನಕ್ಕೆ ತಿಳೀಬೇಕಲ್ಲ."

"ಆವತ್ತ ಹಿಡಕೊಂಡದ್ದರ ಐತೇನ್ರಿ?"

"ಅದನ್ನ ಇಟ್ಕೊಳ್ಳಲ್ಲಮ್ಮ. ಅದೇ ಟೇಪಿನ ಮೇಲೆ ಬೇರೆ ಹಿಡೀತೀವಿ."

"ಇಲ್ಲಿ ಕುಂತವ್ರು ಜನ ಅಲ್ಲೇನ್ರಿ?" ಎಂದು ನಾನು ಎದ್ದು ಕೇಳಿದೆ. ನನ್ನ ಮಾತು ಮುಂದಿನ ಸಾಲಿಗೂ ಮುಟ್ಟಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿಗಳು, "ಅಗದಿ ಮಾರ್ಮಿಕ ಪ್ರಶ್ನೆ ಕೇಳಿದ್ರಿ ತಾಯಿ" ಎಂದು, ಮಿಕ್ಕಿದ್ದ ಶಾಲೊಂದನ್ನು ತಂದು ಅವ್ವನಿಗೆ ಹೊದಿಸಿ ಕೈಯಲ್ಲಿ ತೆಂಗಿನಕಾಯಿ ಇಟ್ಟರು. ಚಪ್ಪಾಳೆ ಬಿತ್ತು. ಅಣ್ಣಿಗೇರಿಯವರು, ನವಲಗುಂದದವರು, ಅವ್ವನ ಮಾತನ್ನೇ ಮನೆಯಲ್ಲಿ ಆಡುವವರು, ಎಲ್ಲ ಸೇರಿ ಜೋರಾಗಿ ಚಪ್ಪಾಳೆ ತಟ್ಟಿದರು. ನಿರ್ದೇಶಕರ ಮೇಲಿನ ಸಿಟ್ಟು ನನಗೆ ಯಾವತ್ತೋ ಹೋಗಿದೆ. ಆ ಚಪ್ಪಾಳೆಯ ಮೇಲಿನದು ಹೋಗಿಲ್ಲ.

ಅಪ್ಪ ಮಾತ್ರ ಖುಷಿಯಾಗಿದ್ದ. ಬಸ್ ಸ್ಟ್ಯಾಂಡಿನ ತನಕ ಶಾಲಿನ ಅಂಚು ಮುಟ್ಟಿ ನೋಡುತ್ತ, "ಏನ ಕಮ್ಮಿ ಮಾಡಿದ್ರು? ಮಂದಿ ಮುಂದ ಮರ್ಯಾದಿ ಮಾಡಿದ್ರು" ಎಂದ. ಊರಿನ ಕೊನೆಯ ಬಸ್ಸು ಬಂದು ನಿಂತಿತ್ತು. ನಾವಿಬ್ಬರೂ ಹತ್ತಿ ಕಿಟಕಿಯ ಪಕ್ಕ ಕುಳಿತೆವು. ಅಪ್ಪ ತಂಬಾಕು ತರುತ್ತೇನೆಂದು ರಸ್ತೆ ದಾಟಿ ಹೋದವನು, ಅಂಗಡಿಯ ಮುಂದೆ ಯಾರಿಗೋ ಶಾಲಿನ ಸುದ್ದಿ ಹೇಳುತ್ತ ಈ ಕಡೆ ಬೆನ್ನು ಮಾಡಿ ನಿಂತುಬಿಟ್ಟ.

ಕಂಡಕ್ಟರ್ ಸೀಟಿ ಊದಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಪ್ಪಾ" ಎಂದು ಕೂಗಿದೆ. ಲಾರಿಗಳ ಸದ್ದಿನಲ್ಲಿ ಅದು ರಸ್ತೆಯ ಅರ್ಧಕ್ಕೂ ಹೋಗಲಿಲ್ಲ. "ಅವ್ವಾ, ನೀ ಕೂಗ ಬೇ" ಎಂದೆ. ಅವ್ವ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಒಂದು ಸಲ ಬಾಯಿ ತೆರೆದಿದ್ದರೆ ಇಡೀ ಬಜಾರವೇ ಹೊರಳಿ ನೋಡುತ್ತಿತ್ತು. "ಕೂಗ ಬೇ, ಬಸ್ಸ ಹೊಂಟೈತಿ" ಎಂದು ಭುಜ ಹಿಡಿದು ಅಲ್ಲಾಡಿಸಿದೆ. ಅವ್ವ ಕೂಗಲಿಲ್ಲ. ಬಸ್ಸು ಹೊರಟಿತು. ನಿಲ್ಲಿಸ್ರಿ ಎಂದು ಗೋಗರೆದರೆ ಕಂಡಕ್ಟರ್, "ಹೊಳ್ಳಿಸಾಕ ಇದೇನ ನಿಮ್ಮ ಮನಿ ಚಕ್ಕಡಿ ಏನ್ರಿ?" ಎಂದ.

ಅಪ್ಪ ಯಾರದೋ ಟ್ರ್ಯಾಕ್ಟರ್ ಹಿಡಿದು, ಮೈತುಂಬ ಧೂಳಾಗಿ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಸ್ತ್ರಿ ಧೋತರದ ಗುರುತೇ ಇರಲಿಲ್ಲ. ಕೈಕಾಲು ತೊಳೆಯದೆ ಸೀದಾ ಒಲೆಯ ಮುಂದೆ ಬಂದು ನಿಂತ.

"ಬಾಯಿ ಬಿದ್ದು ಹೋಗಿತ್ತೇನ ನಿಂದು? ಊರಿಗೆಲ್ಲ ಕೇಳೂವಂಗ ಒದರೂವಾಕಿ, ಒಂದ ದನಿ ಮಾಡಿದ್ದರ ಏನಾಗ್ತಿತ್ತು?"

ಅವ್ವ ರೊಟ್ಟಿ ತಿರುವಿ ಹಾಕಿದಳು. "ಮಾಡಿದ್ದರ ನಿಮಗ ತಿಳೀತಿತ್ತೇನ್ರಿ?" ಎಂದಳು. ಪಕ್ಕದಲ್ಲೇ ಕುಳಿತಿದ್ದ ನನಗೆ ಮಾತ್ರ ಅದು ಕೇಳಿತು.

"ಏನಂದಿ?" ಎಂದ ಅಪ್ಪ, ಬಗ್ಗಿ ಕಿವಿ ಹತ್ತಿರ ತಂದು.

ಅವ್ವ ಇನ್ನೊಮ್ಮೆ ಹೇಳಲಿಲ್ಲ.